ಬಾವಿಕಟ್ಟೆಯಲ್ಲಿ ಕವುಚಿಟ್ಟ ಬಾಟ್ಲಿ

1954 ಜನವರಿ 11, ಸೋಮವಾರ

ಐದನೇ ಕ್ಲಾಸಿನ ಕಾಪಿ ಪುಸ್ತಕ ನಲವತ್ತೆರಡು. ತಿದ್ದಿ ಮುಗಿಯಿತು. ಒಂದರಲ್ಲೂ ಸಾಲು ನೆಟ್ಟಗಿಲ್ಲ, ಎಲ್ಲರೂ ಗುಡ್ಡ ಹತ್ತುವವರೇ.

ಅದೇ ಕೆಂಪು ಪೆನ್ಸಿಲಿನಲ್ಲಿ ಇಲ್ಲಿಯೂ ಒಂದು ಗೆರೆ. ಈ ತಿಂಗಳಿನದ್ದು ಏಳನೆಯದು. ನಡುವೆ ನಾಲ್ಕು ದಿನ ರಕ್ತ ನಿಂತಿತ್ತು, ಮತ್ತೆ ಶುರು. ಹೋದ ತಿಂಗಳು ಹದಿನಾಲ್ಕು ಗೆರೆ, ಅದಕ್ಕೆ ಮೊದಲು ಒಂಬತ್ತು. ವಯಸ್ಸು ನಲವತ್ತಮೂರು. ಈ ವಯಸ್ಸಿಗೆ ಹೀಗೆಲ್ಲ ಆಗುವುದುಂಟು ಎಂದು ನನಗೆ ನಾನೇ ಹೇಳಿಕೊಂಡದ್ದು. ಬೇರೆ ಯಾರನ್ನೂ ಕೇಳಿಲ್ಲ.

ಅತ್ತೆಗೆ ಗೊತ್ತಿಲ್ಲ. ಗೊತ್ತಾದರೆ ಹೊರಗೆ ಕೂರಬೇಕು — ಆಚೆಯ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ, ನಾಲ್ಕನೆಯ ದಿನ ಮಿಂದು ಒಳಗೆ. ಮೂರು ದಿನವಾದರೆ ಸರಿ. ತಿಂಗಳಲ್ಲಿ ಹದಿನಾಲ್ಕು ದಿನ ಕೂತರೆ ಅಡಿಗೆಗೆ ಯಾರು? ಎಪ್ಪತ್ತೆರಡರ ಅತ್ತೆ ಒಲೆ ಊದಬೇಕೇ? ಇವರಿಗೆ ವಕೀಲರ ಕಡತ ಕಟ್ಟಲು ಬರುತ್ತದೆ, ಅಕ್ಕಿ ತೊಳೆಯಲು ಬರುವುದಿಲ್ಲ. ಹಾಗಾಗಿ ಅಕ್ಟೋಬರಿನಿಂದ ಒಂದು ದಿನವೂ ಹೊರಗೆ ಕೂತಿಲ್ಲ. ಮಡಿ ಹೆಂಗಸಿಗೆ ಮುಟ್ಟಾದ ಕೈಯಲ್ಲೇ ಅನ್ನ ಬಡಿಸುತ್ತಿದ್ದೇನೆ. ಬರೆಯಲಿಕ್ಕೂ ಹೆದರಿಕೆ.

ಮಧ್ಯಾಹ್ನ ಅತ್ತೆ ನನ್ನ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಸಲ. ಕೈ ತಪ್ಪಿರಬೇಕು.

ಜನವರಿ 15, ಶುಕ್ರವಾರ

ಇವತ್ತು ಮಾನ ಹೋಯಿತು. ಮೂರನೇ ಪೀರಿಯಡ್. ಬೋರ್ಡಿನಲ್ಲಿ ಬರೆಯಲು ಎದ್ದೆ. ಹಿಂದೆ ಮಕ್ಕಳ ಗುಸುಗುಸು. ಕುರ್ಚಿ ನೋಡಿದೆ... ನೋಡಬಾರದಿತ್ತು.

ಪಕ್ಕದ ಕ್ಲಾಸಿನ ಮೋಹಿನಿ ಟೀಚರ್ ಬಂದರು. ಯಾರು ಕರೆದರೋ. ತಮ್ಮ ಶಾಲು ನನ್ನ ಸೊಂಟಕ್ಕೆ ಸುತ್ತಿದರು, ಕುರ್ಚಿಯನ್ನು ಎತ್ತಿ ಹೊರಗೆ ಒಯ್ದು ತಾವೇ ತೊಳೆದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಬೈಗುಳ.

"ಎಷ್ಟು ಸಮಯದಿಂದ ಹೀಗೆ?"

"ನಾಲ್ಕು ತಿಂಗಳು ಆಗ್ತಾ ಬಂತು."

"ಎಂತ ಹೆಂಗಸು ಮಾರಾಯ್ತಿ ನೀವು. ಮಕ್ಕಳಿಗೆ ಉಗುರು ತೆಗೀರಿ, ಹಲ್ಲು ಉಜ್ಜಿ ಅಂತ ಪಾಠ ಮಾಡುದು, ನಿಮ್ದು ಹೀಗೆ. ಬುಧವಾರ ನನ್ನೊಟ್ಟಿಗೆ ಬನ್ನಿ, ಡಾಕ್ಟರ್ ಹತ್ರ."

ಮೊಗ್ರಾಲಿನ ಬಸ್ಸು ತಪ್ಪಿತೆಂದು ಗೊಣಗುತ್ತ ನನ್ನನ್ನು ಮನೆವರೆಗೆ ಬಿಟ್ಟೇ ಹೋದರು. ಅತ್ತೆ ಬಾಗಿಲಲ್ಲಿ. "ಬಿಸಿಲಲ್ಲಿ ನಡೀಬೇಡ ಇನ್ನು" ಎಂದರು. ಅತ್ತೆಗೆ ಎಂತ ಆಗಿದೆ ಎಂದೇ ಅರ್ಥವಾಗುವುದಿಲ್ಲ.

ಜನವರಿ 20, ಬುಧವಾರ

ಡಾಕ್ಟರ್ ಜಲಜಾಕ್ಷಿಯವರ ದವಾಖಾನೆ. ನನಗಿಂತ ಚಿಕ್ಕವರು, ಗಟ್ಟಿ ಸ್ವರ. ರಕ್ತ ಹೋದ ತಾರೀಕು ಕೇಳಿದರು. ಬಾಯಿಯಿಂದ ಹೇಳಲು ಬಾರದೆ ಈ ಪುಸ್ತಕವನ್ನೇ ಕೊಟ್ಟೆ. ಕೆಂಪು ಗೆರೆಗಳನ್ನು ಮಾತ್ರ ನೋಡಿ ಅಂದೆ. ಗೆರೆಗಳನ್ನು ಮಾತ್ರವೇ ನೋಡಿದರು, ಮರ್ಯಾದಸ್ಥೆ. "ಹೀಗೆ ಬರೆದಿಟ್ಟವರು ನೂರರಲ್ಲಿ ಒಬ್ಬರಿಲ್ಲ ಟೀಚರೇ" ಎಂದರು. ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ಹೆಮ್ಮೆ ಕೂಡ ಆಯಿತು, ಕತ್ತೆಗೆ.

ಮೊದಲು ಬಸಿರೇನಾದರೂ ಇದೆಯೇ ಎಂದು ಪರೀಕ್ಷೆ. ನನಗೆ ನಗು. ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಕೂರಿಸಿ ಹೇಳಿದರು.

"ಹೊರಗಿಂದ ಮುಟ್ಟಿ ನೋಡಿದ್ರೆ ಗರ್ಭಕೋಶದ ಒಳಗೆ ಎಂತ ಉಂಟು ಅಂತ ಗೊತ್ತಾಗುದಿಲ್ಲ. ಒಳಗೋಡೆಗೆ ಒಂದು ಪದರ ಉಂಟು. ತಿಂಗಳು ತಿಂಗಳು ಬೆಳೆದು ಉದುರುದು ಅದೇ. ಅದು ಅತಿಯಾಗಿ ಬೆಳೆದ್ರೂ ರಕ್ತ ಹೋಗ್ತದೆ. ಸಣ್ಣ ದುರ್ಮಾಂಸ ಇದ್ರೂ ಹೋಗ್ತದೆ. ಬೇರೆ ಎಂತಾದ್ರೂ ಇದ್ರೂ ಹೋಗ್ತದೆ. ರಕ್ತ ನೋಡ್ಲಿಕ್ಕೆ ಎಲ್ಲ ಒಂದೇ. ಅದಕ್ಕೆ ಆ ಪದರವನ್ನೇ ಒಂದು ಚೂರು ಕೆರೆದು ತೆಗೀಬೇಕು. ಬಯಾಪ್ಸಿ ಅಂತ ಹೇಳ್ತಾರೆ. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ."

"ಬೇರೆ ಎಂತಾದ್ರೂ ಅಂದ್ರೆ?"

"ಕ್ಯಾನ್ಸರ್. ಉಂಟು ಅಂತ ಹೇಳ್ತಾ ಇಲ್ಲ. ಇಲ್ಲ ಅಂತ ಹೇಳ್ಬೇಕಾದ್ರೆ ನೋಡ್ಲೇಬೇಕು."

ಆಮೇಲೆ ಅವರು ಹೇಳಿದ್ದು ಕಿವಿಗೆ ಹೋಗಲಿಲ್ಲ. ಮೇಜಿನ ಮೇಲೆ ಒಂದು ಇರುವೆ ಹೋಗುತ್ತಿತ್ತು, ಅದನ್ನೇ ನೋಡುತ್ತಿದ್ದೆ. ಮೋಹಿನಿ ನನ್ನ ಪರವಾಗಿ ಶುಕ್ರವಾರ ಎಂದು ಒಪ್ಪಿಕೊಂಡರು.

ಇವರಿಗೆ ಹೇಳಿದೆ. ಕೇಳಿ, ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. ಅಮ್ಮನಿಗೆ ಹೇಳುವುದು ಬೇಡ ಎಂದರು. ಬೇಡ ಎಂದೆ ನಾನೂ. ನಾನು ಇಷ್ಟು ದಿನ ಹೊರಗೆ ಕೂರದ್ದು ಬಯಲಾಗುತ್ತದಲ್ಲ.

ಜನವರಿ 22, ಶುಕ್ರವಾರ

ಆಯಿತು. ಹತ್ತು ನಿಮಿಷ. ಕ್ಲೋರೋಫಾರಂ ಇಲ್ಲ. ತೆಳ್ಳಗಿನ ಉಕ್ಕಿನ ಕೊಳವೆ, ತುದಿಯಲ್ಲಿ ಸಣ್ಣ ಹಲ್ಲು. ಒಳಗೆ ಹೋಗುವಾಗ ಒಮ್ಮೆ, ಕೆರೆಯುವಾಗ ಒಮ್ಮೆ — ತಿಂಗಳ ನೋವನ್ನೆಲ್ಲ ಒಟ್ಟು ಮಾಡಿ ಒಂದೇ ಗುಟುಕಿಗೆ ಕುಡಿಸಿದ ಹಾಗೆ. ಹಲ್ಲು ಕಚ್ಚಿದೆ. ಹದಿಮೂರರ ಮಗ್ಗಿ ಹೇಳಿಕೊಂಡೆ, ಎಂಟಕ್ಕೆ ತಪ್ಪಿತು.

ಅಗಲ ಬಾಯಿಯ ಸಣ್ಣ ಬಾಟ್ಲಿ. ಒಳಗೆ ಫಾರ್ಮಲಿನ್, ಮೂಗಿಗೆ ಹೊಡೆಯುವ ನೀರು. ಅದರಲ್ಲಿ ನನ್ನ ಚೂರುಗಳು, ನೆನೆದ ಅವಲಕ್ಕಿಯಷ್ಟು. ಚೀಟಿಯಲ್ಲಿ ಬರೆದರು: ಪರಮೇಶ್ವರಿ, 43, ತಿರುಮಲೇಶ್ವರರ ಹೆಂಡತಿ. ಇವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಬೇಕಾಯಿತು, ಹೇಳಿ ನಾಲಿಗೆ ಕಚ್ಚಿಕೊಂಡೆ.

ಸಂಜೆಯ ಗಾಡಿ ಹೋಗಿಯಾಗಿತ್ತು. ನಾಳೆ ಬೆಳಿಗ್ಗೆ ಎಂಟೂವರೆಯ ಗಾಡಿಗೆ ಇವರೇ ಒಯ್ಯುವುದೆಂದು ತೀರ್ಮಾನ. ಮನೆಯೊಳಗೆ ತರುವಂತಿಲ್ಲ, ದೇವರಿದ್ದಾರೆ. ಬಚ್ಚಲು ಮನೆಯ ಗೂಡಿನಲ್ಲಿ ಇಟ್ಟರು. ನಾನು ಹೊಟ್ಟೆ ಹಿಡಿದುಕೊಂಡು ಮಲಗಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಇವರ ಮುಖವನ್ನೂ ನೋಡಿದರು.

ಜನವರಿ 23, ಶನಿವಾರ. ಬೆಳಿಗ್ಗೆ 7 ಗಂಟೆ

ಬಾಟ್ಲಿ ಬಾವಿಕಟ್ಟೆಯಲ್ಲಿದೆ. ತೊಳೆದು ಕವುಚಿಟ್ಟಿದ್ದಾರೆ. ಚೀಟಿ ಇಲ್ಲ. ಒಳಗೆ ಏನೂ ಇಲ್ಲ.

ಇವರು ಛತ್ರಿ ಹಿಡಿದು ನಿಂತಿದ್ದಾರೆ, ಸ್ಟೇಷನ್ನಿಗೆ ಹೊರಟವರು.

ಅದೇ ದಿನ, ರಾತ್ರಿ

ಬರೆದರೆ ಸಮಾಧಾನವಾದೀತು ಎಂದು.

ಅತ್ತೆ ಮಿಂದು, ಒದ್ದೆ ಸೀರೆಯಲ್ಲೇ, ಹಿತ್ತಿಲ ಬಿಂಬುಳಿ ಮರದ ಬುಡದಲ್ಲಿ ಕೂತಿದ್ದರು. ಮಣ್ಣು ಹೊಸತಾಗಿ ಅಗೆದದ್ದು. ಮೇಲೆ ಒಂದು ಕಲ್ಲು, ಕಲ್ಲಿನ ಮೇಲೆ ಹಾಲು ಚೆಲ್ಲಿದ ಗುರುತು. ಇವರು "ಅಮ್ಮ, ಆ ಬಾಟ್ಲಿಯಲ್ಲಿ ಇದ್ದದ್ದು?" ಎಂದು ಕೇಳಿದರು. ಅತ್ತೆ ನನ್ನ ಕೈ ಹಿಡಿದರು. ಮಡಿಯಲ್ಲಿದ್ದು ಹಿಡಿದರು.

"ನನ್ನತ್ರ ಯಾಕೆ ಮುಚ್ಚಿಟ್ಟದ್ದು ನೀವು? ನನ್ಗೆ ಅಕ್ಟೋಬರಿಂದ ಗೊತ್ತುಂಟು. ಹೊರಗೆ ಕೂರ್ಲಿಲ್ಲ ನೀನು. ನಾಲ್ಕು ತಿಂಗಳಾಯ್ತು. ಐದು ಆದ್ಮೇಲೆ ಬಾಯಿ ಬಿಡುವ ಅಂತ ನಾನೇ ಸುಮ್ಮನಿದ್ದೆ, ದೃಷ್ಟಿ ಆಗ್ತದೆ ಅಂತ. ಎಷ್ಟು ಹರಕೆ ಹೇಳಿಕೊಂಡಿದ್ದೆ. ಬಿದ್ದುಹೋಯ್ತಲ್ಲ. ಬಾಟ್ಲಿಯಲ್ಲಿ ಹಾಕಿ ಗೂಡಿನಲ್ಲಿ ಇಡ್ತಾರಾ ಅದನ್ನು? ಎಷ್ಟು ಸಣ್ಣದು ಇತ್ತು. ಬಿಳಿ ಬಟ್ಟೆ ಸುತ್ತಿ ಮಣ್ಣು ಮಾಡಿದೆ. ಹಾಲು ಹಾಕಿದೆ. ನೀನು ಅಳ್ಬೇಡ ಮಗಾ."

ಮಗಾ ಎಂದರು. ಬಂಜೆ ಎಂದು ಬಾಯಿಬಿಟ್ಟು ಹೇಳದಿದ್ದರೂ ಇಪ್ಪತ್ತನಾಲ್ಕು ವರ್ಷ ನನ್ನನ್ನು ಹೆಸರು ಹಿಡಿದು ಕೂಡ ಕರೆಯದವರು.

ತುಪ್ಪ. ಬಿಸಿಲು. ಈಗ ಅರ್ಥವಾಯಿತು. ನಾನು ಮುಟ್ಟನ್ನು ಬಚ್ಚಿಟ್ಟೆ, ಅವರು ಅದನ್ನು ಬಸಿರು ಎಂದುಕೊಂಡರು. ಮನೆಯಲ್ಲಿ ಯಾರು ಯಾವಾಗ ಹೊರಗೆ ಕೂತರು ಎಂಬುದೇ ಅವರ ಪಂಚಾಂಗ.

ಇವರು ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡ ಎಂದೆ. ಯಾಕೆ ಬೇಡ ಎಂದೆನೋ ಗೊತ್ತಿಲ್ಲ.

ಸಂಜೆ ಇವರು ಡಾಕ್ಟರಲ್ಲಿಗೆ ಹೋಗಿ ಬಂದರು. ಅಗೆದು ತೆಗೆದರೆ ಉಪಯೋಗವಿಲ್ಲ, ಫಾರ್ಮಲಿನ್ ಹೋಯಿತು, ಮಣ್ಣು ಸೇರಿತು. ಇನ್ನೊಮ್ಮೆ ಕೆರೆಯಬೇಕು. ಹತ್ತು ದಿನ ಬಿಟ್ಟು ಬರಲಿ, ತಡ ಮಾಡಬಾರದು ಎಂದರಂತೆ.

ಜನವರಿ 31, ಭಾನುವಾರ

ಬಾಣಂತಿಯ ಆರೈಕೆ. ಶಾಲೆಗೆ ರಜೆ ಬರೆಸಿದರು. ಎಣ್ಣೆ ಹಚ್ಚಿ ಬಿಸಿನೀರು, ಕರಿಮೆಣಸಿನ ಸಾರು, ಓಮದ ಕಷಾಯ. ಒಲೆ ಅತ್ತೆಯದೇ. ರಕ್ತ ಹೋಗುತ್ತಿದೆ ಎಂದು ಈಗ ಬಚ್ಚಿಡಬೇಕಾಗಿಲ್ಲ. "ಹೋಗ್ತದೆ ಮಗಾ, ಅದು ಹಾಗೇ, ನಲವತ್ತು ದಿನ" ಎನ್ನುತ್ತಾರೆ. ಬೆಳಿಗ್ಗೆ ಬಿಂಬುಳಿ ಬುಡದ ಕಲ್ಲಿಗೆ ಒಂದು ದಾಸವಾಳ.

ನನ್ನ ತಲೆ ಬಾಚುತ್ತ, ಇವರಿಗಿಂತ ಮೊದಲು ತಮಗೆ ಎರಡು ಬಸಿರು ಹೋಗಿತ್ತು ಎಂದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ.

ಸುಖವಾಗಿದೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ಸುಖವಾಗಿದೆ. ಇಲ್ಲದ ಮಗುವಿಗೆ ಸಿಕ್ಕ ಪ್ರೀತಿ ನಾನು ತಿನ್ನುತ್ತಿದ್ದೇನೆ. ಇಂದಿಗೆ ಎಂಟು ದಿನ.

ಫೆಬ್ರವರಿ 12, ಶುಕ್ರವಾರ

ಹನ್ನೆರಡು ದಿನ ಬರೆದಿಲ್ಲ. ಗೆರೆ ಮಾತ್ರ. ಹನ್ನೆರಡೂ.

ಮೋಹಿನಿ ಬಂದಿದ್ದರು. ಅತ್ತೆ ಆಚೆ ಹೋದ ಕೂಡಲೇ ಹಲ್ಲು ಕಡಿದು ಮಾತು.

"ಡಾಕ್ಟರ್ ಎರಡು ಸಲ ಕೇಳಿ ಕಳಿಸಿದ್ರು. ಯಾಕೆ ಹೋಗ್ಲಿಲ್ಲ?"

"ಅತ್ತೆ ಹೊಸ್ತಿಲು ದಾಟ್ಲಿಕ್ಕೆ ಬಿಡುದಿಲ್ಲ."

"ನಿಜ ಹೇಳಿ ಮತ್ತೆ."

"ಹೇಳಿದ್ರೆ ಅವ್ರ ಮಗು ಇನ್ನೊಮ್ಮೆ ಸಾಯ್ತದೆ."

"ನೀವು ಸತ್ರೆ?"

ಹೀಗೆ ಕೇಳಿ, ಕಷಾಯದ ಲೋಟ ಹಿಡಿದು ಬಂದ ಅತ್ತೆಯೊಡನೆ ನಗುತ್ತ ಮಾತಾಡಿ ಹೋದರು. ಇಷ್ಟು ದಿನ ಈ ಪುಸ್ತಕದಲ್ಲಿ ಕೂಡ ಆ ಮಾತು ನಾನು ಬರೆದಿರಲಿಲ್ಲ.

ಫೆಬ್ರವರಿ 14, ಭಾನುವಾರ

ಹೇಳಿದೆ. ಎಲ್ಲ. ಬಿಂಬುಳಿ ಬುಡದಲ್ಲೇ ಹೇಳಿದೆ, ಅವರು ಹೂ ಇಡುವಾಗ.

ಬಸಿರಾಗಿರಲಿಲ್ಲ ಎಂದೆ. ನಾಲ್ಕು ತಿಂಗಳಿಂದ ರಕ್ತ ಹೋಗುತ್ತಲೇ ಇತ್ತು, ಹೊರಗೆ ಕೂರದೆ ಬಚ್ಚಿಟ್ಟೆ ಎಂದೆ. ಅದರಲ್ಲೇ ಅಡಿಗೆ ಮಾಡಿದೆ, ಬಡಿಸಿದೆ ಎಂದೆ. ಅತ್ತೆಯ ಮುಖ ನೋಡುವ ಧೈರ್ಯವಿಲ್ಲದೆ ಕಲ್ಲನ್ನು ನೋಡಿ ಹೇಳಿದೆ.

"ಹಾಗಾದ್ರೆ ಇಲ್ಲಿ ನಾನು ಮಣ್ಣು ಮಾಡಿದ್ದು ಎಂತ?"

"ಗರ್ಭಕೋಶದ ಒಳಗಿನ ಚೂರು. ಡಾಕ್ಟರ್ ಕೆರೆದು ತೆಗೆದದ್ದು. ಅದನ್ನು ಮಂಗಳೂರಿನಲ್ಲಿ ನೋಡಿದ್ರೆ ನನ್ಗೆ ಎಂತ ರೋಗ ಅಂತ ಗೊತ್ತಾಗ್ತಿತ್ತು."

"ಎಂತ ರೋಗ?"

"ಇದ್ರೆ ಸಾಯುವ ರೋಗ. ಇಲ್ದೇನೂ ಇರ್ಬಹುದು. ಅದು ನೋಡದೆ ಗೊತ್ತಾಗುದಿಲ್ಲ."

ಅವರು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈಯಲ್ಲಿದ್ದ ದಾಸವಾಳವನ್ನು ಇಡಲೂ ಇಲ್ಲ, ಬಿಸಾಡಲೂ ಇಲ್ಲ. ಬಾವಿಗೆ ಹೋಗಿ ನೀರು ಸೇದಿ ತಲೆಗೆ ಸುರಿದುಕೊಂಡರು, ಒಂದರ ಮೇಲೊಂದು ಕೊಡ. ನಾನು ಹಿತ್ತಿಲಲ್ಲೇ ನಿಂತಿದ್ದೆ. ಇವರು ಬಾಗಿಲಲ್ಲಿ.

ಮಧ್ಯಾಹ್ನ ಅತ್ತೆ ಉಣ್ಣಲಿಲ್ಲ. ಮೂರು ಗಂಟೆಗೆ ನನ್ನ ಹತ್ತಿರ ಬಂದು ನಿಂತರು. ಮುಟ್ಟಲಿಲ್ಲ.

"ಇನ್ನೊಮ್ಮೆ ತೆಗೀಲಿಕ್ಕೆ ಆಗ್ತದಾ ಅದನ್ನು?"

"ಆಗ್ತದೆ."

"ನೋವಾಗ್ತದಾ?"

"ಆಗ್ತದೆ."

"ನಾನೂ ಬರ್ತೇನೆ."

"ಅತ್ತೆ, ಅಡಿಗೆ... ಮೈಲಿಗೆಯದ್ದು..."

"ಅದನ್ನು ಆಮೇಲೆ ನೋಡುವ."

ಮಡಿಯ ವಿಷಯವನ್ನು ಆಮೇಲೆ ನೋಡುವ ಎಂದು ಅತ್ತೆ ಹೇಳಿದ್ದನ್ನು ನಾನು ನನ್ನ ಕಿವಿಯಲ್ಲೇ ಕೇಳಿದೆ. ಮಗಾ ಎನ್ನಲಿಲ್ಲ. ಆ ಮಾತು ಇನ್ನು ಬರುವುದಿಲ್ಲ, ಅದು ನನ್ನದಾಗಿರಲೂ ಇಲ್ಲ.

ಫೆಬ್ರವರಿ 17, ಬುಧವಾರ. ಮಂಗಳೂರು

ಬೆಳಿಗ್ಗೆ ಜಲಜಾಕ್ಷಿಯವರ ದವಾಖಾನೆಯಲ್ಲಿ ಕೆರೆದಾಯಿತು. ಎರಡನೆಯ ಸಲ ನೋವು ಹೆಚ್ಚು. ಗೊತ್ತಿದ್ದದ್ದರಿಂದ ಇರಬೇಕು.

ಡಾಕ್ಟರ್ ಬಾಟ್ಲಿಯನ್ನು ಇವರ ಕೈಗೆ ಕೊಡಲು ಹೋದರು. ಅತ್ತೆ ಮುಂದೆ ಬಂದು ಸೆರಗು ಒಡ್ಡಿದರು. ಡಾಕ್ಟರ್ ನನ್ನನ್ನು ನೋಡಿದರು, ನಾನು ಇವರನ್ನು. ಬಾಟ್ಲಿ ಸೆರಗಿಗೆ ಬಂತು. ಒಂದು ಗಂಟೆ ಮಲಗಿದ್ದು, ಮಧ್ಯಾಹ್ನದ ಗಾಡಿಗೆ ಮೂವರೂ ಹತ್ತಿದೆವು. ಪರರು ಕೂತ ಬೆಂಚಿನಲ್ಲಿ ಕೂರಲು ಹೇಸುವ ಹೆಂಗಸು ಮಂಗಳೂರು ತನಕ ಅದನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕೂತರು. ಕುಂಬಳೆಯಲ್ಲಿ ಹತ್ತಿದವಳೊಬ್ಬಳು, ಎಂತ ಅಮ್ಮ ಅದು, ಜೇನಾ, ಎಂದು ಕೇಳಿದಳು.

"ಸೊಸೆಯದ್ದು. ಡಾಕ್ಟರಿಗೆ ತೋರಿಸ್ಲಿಕ್ಕೆ" ಎಂದರು ಅತ್ತೆ.

ಸೇತುವೆ ಮೇಲೆ ಗಾಡಿ ಕುಲುಕಿದಾಗಲೆಲ್ಲ ಮುಚ್ಚಳ ಒತ್ತಿ ನೋಡುತ್ತಿದ್ದರು. ನನಗೆ ಅಳು ಬಂತು. ಇವರು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು.

ಮಾರ್ಚ್ 3, ಬುಧವಾರ

ಕ್ಯಾನ್ಸರ್.

ಬರೆದು ನೋಡಿದೆ. ನನ್ನದೇ ಅಕ್ಷರ. ಸಾಲು ನೆಟ್ಟಗಿಲ್ಲ.

ಡಾಕ್ಟರ್ ಕಾಗದವನ್ನು ಎರಡು ಸಲ ಓದಿದರು, ನನಗೆ ಹೇಳುವ ಮೊದಲು. ಒಳಪದರದಲ್ಲಿ ಉಂಟು. ಆಚೆ ಹರಡಿದ ಹಾಗೆ ಅವರ ಕೈಗೆ ತೋರುವುದಿಲ್ಲ. ಗರ್ಭಕೋಶವನ್ನೇ ತೆಗೆಯಬೇಕು, ಮದ್ರಾಸಿನಲ್ಲಿ. ಬೇಗ ತೆಗೆದರೆ ಬದುಕುವವರೇ ಹೆಚ್ಚು. ಹೆಚ್ಚು ಎಂದರು, ಎಲ್ಲರೂ ಎನ್ನಲಿಲ್ಲ. ನಾನು ಟೀಚರ್, ಅಂಥದ್ದು ಗಮನಿಸುತ್ತೇನೆ.

ಕೇಳಿದೆ, ಆ ಬಾಟ್ಲಿ ಮಣ್ಣು ಪಾಲಾದ್ದರಿಂದ ಮೂರೂವರೆ ವಾರ ತಡವಾಯಿತಲ್ಲ ಎಂದು.

"ಮೂರು ವಾರದಲ್ಲಿ ದೊಡ್ಡ ವ್ಯತ್ಯಾಸ ಆಗ್ಲಿಕ್ಕಿಲ್ಲ. ನೀವು ಬಚ್ಚಿಟ್ಟದ್ದು ನಾಲ್ಕು ತಿಂಗಳು ಟೀಚರೇ."

ಕೆನ್ನೆಗೆ ಹೊಡೆದ ಹಾಗಾಯಿತು. ಬೈದದ್ದಲ್ಲ, ಮೆಲ್ಲಗೆ ಹೇಳಿದ್ದು. ಅತ್ತೆಯ ಮೇಲೆ ಹಾಕಲು ಒಂದು ತಪ್ಪು ಇಟ್ಟುಕೊಂಡಿದ್ದೆನೆಂದು ಆಗಲೇ ನನಗೆ ಗೊತ್ತಾದದ್ದು.

ಹೊರಗೆ ಬೆಂಚಿನಲ್ಲಿ ಅತ್ತೆ. ಹೇಳಿದೆ.

"ನಾನು ಚೆಲ್ಲಿದ್ದಕ್ಕಾ?"

"ಅಲ್ಲ. ನಾನು ಮುಚ್ಚಿಟ್ಟದ್ದಕ್ಕೆ."

"ಯಾಕೆ ಮುಚ್ಚಿಟ್ಟೆ?"

"ನಾನು ಹೊರಗೆ ಕೂತ್ರೆ ನಿಮ್ಗೆ ಅನ್ನ ಯಾರು ಮಾಡುದು ಅಂತ."

ಮನೆಗೆ ಬಂದು ಅತ್ತೆ ಆಚೆಯ ಕೋಣೆಯ ಚಾಪೆಯನ್ನು ಎಳೆದು ಹಿತ್ತಿಲಿಗೆ ಒಯ್ದು ಬೆಂಕಿ ಹಾಕಿದರು. ನಾವಿಬ್ಬರೂ ನೋಡುತ್ತ ನಿಂತೆವು.

ಮಾರ್ಚ್ 9, ಮಂಗಳವಾರ. ಕಾಸರಗೋಡು ಸ್ಟೇಷನ್

ಪೆನ್ನು ಟ್ರಂಕಿನಲ್ಲಿ. ಕೆಂಪು ಪೆನ್ಸಿಲ್ಲೇ ಗತಿ. ಮದ್ರಾಸ್ ಗಾಡಿ ಅರ್ಧ ಗಂಟೆ ತಡ. ಮೋಹಿನಿ ರಜೆ ಹಾಕಿ ಬಂದು, ಐದನೇ ಕ್ಲಾಸನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಪಾಪ ಮಕ್ಕಳು, ಸಾಲು ಇನ್ನೂ ಸೊಟ್ಟಗಾಗುತ್ತದೆ.

ಹೆದರಿಕೆ ಇದೆ. ಸಾಯಲು ಇಷ್ಟವಿಲ್ಲ. ಅಷ್ಟೇ.

ಇವರು ನೀರು ತರಲು ಹೋದಾಗ, ನಮ್ಮನ್ನು ಕಳಿಸಿಕೊಡಲು ಬಂದ ಅತ್ತೆ ಹತ್ತಿರ ಬಂದು ಕೂತರು. ನಿಜ ಹೇಳಿದ ಮೇಲೆ ಅಷ್ಟು ಹತ್ತಿರ ಕೂತದ್ದು ಇವತ್ತೇ.

"ಅಲ್ಲಿ ತೆಗೆದದ್ದನ್ನು ಎಂತ ಮಾಡ್ತಾರೆ?"

"ಬಾಟ್ಲಿಗೆ ಹಾಕಿ ಮತ್ತೆ ಪರೀಕ್ಷೆ ಮಾಡ್ತಾರಂತೆ."

"ಕೇಳಿದ್ರೆ ಕೊಡ್ತಾರಾ?"

ತಂದು ಬಿಂಬುಳಿ ಬುಡಕ್ಕೆ ಹಾಕಬೇಕು ಎನ್ನುತ್ತಾರೆ ಎಂದುಕೊಂಡೆ. ಗೊತ್ತಿಲ್ಲ ಎಂದೆ. ಅತ್ತೆ ಹಳಿಯ ಕಡೆ ನೋಡಿದರು.

"ಕೊಟ್ರೂ ತರ್ಬೇಡ. ಅದನ್ನು ಅಲ್ಲೇ ಬಿಡು. ನೀನು ಬಾ ಮಗಾ."

ಇಪ್ಪತ್ತನಾಲ್ಕು ವರ್ಷ ಅದರಿಂದ ಒಂದು ಜೀವ ಬರಲಿ ಎಂದು ಕಾದವರು. ಈ ಪುಸ್ತಕ ತೆಗೆದೆ.

ಎಂತ ಬರೀತಿದ್ದಿ ಎಂದು ಕೇಳುತ್ತಿದ್ದಾರೆ. ನೀವು ಈಗ ಹೇಳಿದ್ದು ಎಂದೆ. ಓದಿ ಹೇಳು ಅನ್ನುತ್ತಿದ್ದಾರೆ. ಸಿಗ್ನಲಿನ ಕೈಕಂಬ ಬಿತ್ತು, ಇವರು ಓಡಿ ಬರುತ್ತಿದ್ದಾರೆ, ಅತ್ತೆಯ ಕೈ ನನ್ನ ಕೈ ಮೇಲೆ ಇರುವುದರಿಂದ ಅಕ್ಷರ ಸೊಟ್ಟ...